ರೋಹು ಮೀನಿನ ಸಂತಾನ: ಮೊಟ್ಟೆಯಿಂದ ಬೆರಳುದ್ದದ ಮರಿಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೀನು ಸಾಕುವವರು, ಸಾಕಬೇಕು ಅಂದುಕೊಂಡವರು, ಪರೀಕ್ಷೆಗೆ ಓದುವ ಹುಡುಗರು, ಸುಮ್ನೆ ಕುತೂಹಲಕ್ಕೆ ವಿಚಾರಿಸುವವರು, ಎಲ್ಲರೂ ಸುತ್ತಿ ಬಳಸಿ ಕೇಳುವ ಪ್ರಶ್ನೆಗಳು ಇವೇ. ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ.

## ಶುರುವಿನ ಪ್ರಶ್ನೆಗಳು

ರೋಹು ಮರಿ ಹಾಕುತ್ತಾ, ಮೊಟ್ಟೆ ಇಡುತ್ತಾ?

ಮೊಟ್ಟೆ. ಗಾಜಿನ ತೊಟ್ಟಿಯ ಗಪ್ಪಿ ಮರಿ ಹಾಕುವುದನ್ನು ನೋಡಿದವರಿಗೆ ಈ ಅನುಮಾನ ಬರುತ್ತದೆ. ರೋಹು ಹಾಗಲ್ಲ. ಹೆಣ್ಣು ನೀರಿಗೆ ಮೊಟ್ಟೆ ಬಿಡುತ್ತದೆ, ಪಕ್ಕದಲ್ಲೇ ಇರುವ ಗಂಡುಗಳು ಅದೇ ಹೊತ್ತಿಗೆ ವೀರ್ಯ ಬಿಡುತ್ತವೆ. ಎರಡೂ ಸೇರುವುದು ನೀರಿನಲ್ಲೇ.

ಗಂಡು ಯಾವುದು, ಹೆಣ್ಣು ಯಾವುದು ಅಂತ ನೋಡಿದ ಕೂಡಲೇ ಹೇಳೋಕೆ ಆಗುತ್ತಾ?

ಬೇಸಿಗೆಗೆ ಮುಂಚೆ ಆಗುವುದಿಲ್ಲ. ಎರಡೂ ಒಂದೇ ಥರ ಕಾಣುತ್ತವೆ. ಮಳೆಗಾಲ ಹತ್ತಿರ ಬಂದಾಗ ನೋಡುವುದಕ್ಕಿಂತ ಮುಟ್ಟುವುದು ಉಪಯೋಗಕ್ಕೆ ಬರುತ್ತದೆ. ಕಿವಿರಿನ ಹಿಂದೆ ಎರಡೂ ಕಡೆ ಇರುವ ಈಜುರೆಕ್ಕೆಯ ಒಳಮೈ ಮೇಲೆ ಬೆರಳಾಡಿಸಿ. ಗಂಡಿನದು ಮರಳು ಕಾಗದದ ಹಾಗೆ ಒರಟು, ಹೆಣ್ಣಿನದು ನುಣುಪು. ಹೆಣ್ಣಿನ ಹೊಟ್ಟೆ ಉಬ್ಬಿ ಮೆತ್ತಗಿರುತ್ತದೆ, ಹಿಂದಿನ ದ್ವಾರ ಊದಿಕೊಂಡು ನಸುಗೆಂಪಾಗಿರುತ್ತದೆ. ಗಂಡಿನ ಹೊಟ್ಟೆಯನ್ನು ಹಗುರವಾಗಿ ಒತ್ತಿದರೆ ಹಾಲಿನಂಥ ದ್ರವ ಬರುತ್ತದೆ.

ಹೊಟ್ಟೆ ದೊಡ್ಡದಿದ್ದರೆ ಹೆಣ್ಣು ಅಂತ ತೀರ್ಮಾನಿಸಬೇಡಿ. ಚೆನ್ನಾಗಿ ತಿಂದ ಗಂಡಿಗೂ ಹೊಟ್ಟೆ ಬರುತ್ತದೆ. ನಾನೂ ಮೊದಲ ಸಲ ಹೀಗೇ ಎಡವಿದ್ದೆ. ಹೆಣ್ಣು ಅಂತ ಬೇರೆ ಇಟ್ಟ ಮೂರು ಮೀನುಗಳಲ್ಲಿ ಒಂದು ಕೈಯಲ್ಲೇ ಹಾಲು ಸುರಿಸಿತು.

ಎಷ್ಟು ವಯಸ್ಸಿಗೆ ಮೊಟ್ಟೆಗೆ ಬರುತ್ತೆ? ಒಂದು ಹೆಣ್ಣು ಎಷ್ಟು ಮೊಟ್ಟೆ ಇಡುತ್ತೆ?

ಸಾಮಾನ್ಯವಾಗಿ ಎರಡು ವರ್ಷ ತುಂಬುವ ಹೊತ್ತಿಗೆ. ಗಂಡು ಸ್ವಲ್ಪ ಬೇಗ, ಹೆಣ್ಣು ಸ್ವಲ್ಪ ತಡ. ಕೆಲವು ಹೆಣ್ಣುಗಳಿಗೆ ಮೂರು ವರ್ಷವೂ ಬೇಕು.

ಮೊಟ್ಟೆಯ ಲೆಕ್ಕ ಮೈತೂಕದ ಮೇಲೆ ನಿಂತಿದೆ. ಒಂದು ಕೆಜಿ ತೂಕಕ್ಕೆ ಎರಡರಿಂದ ಎರಡೂವರೆ ಲಕ್ಷ ಅಂತ ಇಟ್ಟುಕೊಳ್ಳಬಹುದು. ಇಡೀ ಮೀನಿನ ಲೆಕ್ಕ ಹಿಡಿದರೆ ಸುಮಾರು 2.26 ಲಕ್ಷದಿಂದ 27.94 ಲಕ್ಷದವರೆಗೆ ದಾಖಲಾಗಿದೆ. ಇಷ್ಟೊಂದು ಯಾಕೆ ಅಂದರೆ, ಉಳಿಯುವುದು ಅಷ್ಟು ಕಡಿಮೆ.

ನಮ್ಮ ಕೆರೆ ರೋಹು ಕೊಯ್ದರೆ ಹೊಟ್ಟೆ ತುಂಬ ಮೊಟ್ಟೆ. ಆದ್ರೆ ಕೆರೇಲಿ ಮರಿ ಒಂದೂ ಕಾಣಲ್ಲ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನನ್ನ ಮಟ್ಟಿಗೆ ಈ ಮೀನಿನ ಅರ್ಧ ಕಥೆ ಇದರ ಉತ್ತರದಲ್ಲೇ ಇದೆ.

ರೋಹು ಹೊಳೆಯ ಮೀನು. ಅದರ ಸಂತಾನದ ಲೆಕ್ಕಾಚಾರವೆಲ್ಲ ಪ್ರವಾಹವನ್ನು ನಂಬಿಕೊಂಡಿದೆ. ಮೊಟ್ಟೆ ಬಲಿಯುವುದು ಒಂದು ಕೆಲಸ, ಬಲಿತ ಮೊಟ್ಟೆಯನ್ನು ಹೊರಗೆ ಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಒಳ್ಳೆ ಆಹಾರ, ಉದ್ದವಾಗುವ ಹಗಲು, ಏರುವ ಬಿಸಿಲು ಸಾಕು. ಇವೆಲ್ಲ ಕೆರೆಯಲ್ಲೂ ಸಿಗುತ್ತವೆ. ಹಾಗಾಗಿ ಮೇ, ಜೂನ್ ಹೊತ್ತಿಗೆ ಹೊಟ್ಟೆ ತುಂಬುತ್ತದೆ. ಎರಡನೆಯದಕ್ಕೆ ಬೇರೆ ಸೂಚನೆಗಳು ಬೇಕು: ಹರಿಯುವ ಹೊಸ ನೀರು, ಕೆಂಪು ರಾಡಿ, ತಟ್ಟನೆ ಇಳಿಯುವ ಶಾಖ, ಮಳೆ ನೀರು ಸೇರಿ ತೆಳುವಾದ ಲವಣಾಂಶ, ಮುಳುಗಿದ ದಂಡೆ. ನಿಂತ ನೀರಿನಲ್ಲಿ ಇವು ಒಟ್ಟಿಗೆ ಬರುವುದಿಲ್ಲ.

ಮೀನಿನ ಮೆದುಳಿನ ಭಾಷೆಯಲ್ಲಿ ಹೇಳುವುದಾದರೆ, ಈ ಸೂಚನೆಗಳು ಸಿಕ್ಕಾಗ ಮೆದುಳು ಒಂದು ಹಾರ್ಮೋನಿನ ಮೂಲಕ ತನ್ನ ಕೆಳಗಿರುವ ಪುಟ್ಟ ಪಿಟ್ಯುಟರಿ ಗ್ರಂಥಿಗೆ ಅಪ್ಪಣೆ ಕೊಡುತ್ತದೆ. ಗ್ರಂಥಿ ತನ್ನ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಆಗ ಅಂಡಾಶಯದ ಮೊಟ್ಟೆಗಳು ಕೊನೆಯ ಹಂತ ದಾಟಿ ಸಡಿಲಗೊಳ್ಳುತ್ತವೆ. ಸೂಚನೆ ಬಾರದೆ ಇದ್ದರೆ ಡೋಪಮಿನ್ ಅನ್ನುವ ರಾಸಾಯನಿಕ ಆ ಗ್ರಂಥಿಯನ್ನು ತಡೆಹಿಡಿದಿರುತ್ತದೆ. ಕೆರೆಯ ರೋಹುವಿನಲ್ಲಿ ಎಲ್ಲ ತಯಾರಿ ಮುಗಿದಿರುತ್ತದೆ, ಅಪ್ಪಣೆ ಮಾತ್ರ ಬಂದಿರುವುದಿಲ್ಲ.

ಜೋರು ಮಳೆಗೆ ಕೆರೆಯ ಒಳಹರಿವಿನ ಬಾಯಲ್ಲಿ ಹಳ್ಳದಂತೆ ನೀರು ನುಗ್ಗಿದರೆ ಅಪರೂಪಕ್ಕೆ ಮೊಟ್ಟೆ ಇಡುವುದುಂಟು. ಬಂಗಾಳದ ಬಾಂಕುರಾ ಕಡೆಯವರು ಇದನ್ನೇ ಗಮನಿಸಿ, ಇಳಿಜಾರಿನಲ್ಲಿ ಒಡ್ಡು ಹಾಕಿ, ಮಳೆ ನೀರು ರಭಸದಿಂದ ಬರುವ ಹಾಗೆ ಮಾಡಿ ಮರಿ ಪಡೆಯುತ್ತಿದ್ದರು. ಇಂಜೆಕ್ಷನ್ ಬರುವ ಮುಂಚಿನ ಜಾಣತನ ಅದು.

ಹಾಗಾದ್ರೆ ಸಾಮಾನ್ಯ ಗೆಂಡೆ ಅದೇ ಕೆರೇಲಿ ಮರಿ ಮಾಡುತ್ತಲ್ಲ?

ಅದರ ಜಾಯಮಾನ ಬೇರೆ. ಸಾಮಾನ್ಯ ಗೆಂಡೆಗೆ (ಕಾಮನ್ ಕಾರ್ಪ್) ಹರಿವು ಬೇಡ, ನೀರುಗಿಡ ಬೇಕು. ಅದರ ಮೊಟ್ಟೆ ಅಂಟುತ್ತದೆ. ಜೊಂಡಿಗೋ ಬೇರಿಗೋ ಕಚ್ಚಿಕೊಂಡು ಒಂದೇ ಕಡೆ ಉಳಿಯುತ್ತದೆ. ರೋಹು ಮೊಟ್ಟೆ ಅಂಟುವುದಿಲ್ಲ, ನೀರಿಗಿಂತ ಸ್ವಲ್ಪವೇ ಭಾರ. ಹರಿವಿದ್ದರೆ ತೇಲಾಡುತ್ತದೆ, ಇಲ್ಲದಿದ್ದರೆ ತಳಕ್ಕೆ ಕೂತು ಕೆಸರಿನಲ್ಲಿ ಉಸಿರುಗಟ್ಟುತ್ತದೆ. ಅಂದರೆ ನಿಂತ ನೀರಲ್ಲಿ ಮೊಟ್ಟೆ ಬಿಡದೆ ಇರುವುದೇ ರೋಹುವಿಗೆ ಲಾಭ, ಅಲ್ವಾ?

ಮೊಟ್ಟೆ ಬಿಡದೇ ಹೋದ್ರೆ ಹೊಟ್ಟೆ ಒಡೆದು ಸಾಯುತ್ತಾ?

ಇಲ್ಲ. ಮಳೆಗಾಲ ದಾಟಿದ ಮೇಲೆ ಮೊಟ್ಟೆಗಳು ಒಳಗೇ ಕರಗಿ ಮೈಗೆ ಸೇರುತ್ತವೆ. ಮುಂದಿನ ವರ್ಷ ಮತ್ತೆ ಹೊಸದು ಬಲಿಯುತ್ತದೆ.

## ಹೊಳೆಯಲ್ಲಿ

ಹೊಳೇಲಿ ಯಾವಾಗ ಮೊಟ್ಟೆ ಇಡುತ್ತೆ? ಯಾರಾದ್ರೂ ಕಣ್ಣಾರೆ ನೋಡಿದ್ದಾರಾ?

ನೋಡಿದ್ದಾರೆ, ನೋಡಿ ಸಂಸಾರವನ್ನೂ ನಡೆಸಿದ್ದಾರೆ. ಉತ್ತರ ಭಾರತದ ಹೊಳೆಗಳಲ್ಲಿ ಮುಂಗಾರಿನ ಜೂನ್‌ನಿಂದ ಆಗಸ್ಟ್ ಮುಖ್ಯ ಕಾಲ. ಹೊಳೆ ಉಕ್ಕಿ ದಂಡೆಯ ತಗ್ಗು ಜಾಗಕ್ಕೆ ನೀರು ಹಬ್ಬಿದಾಗ ಗುಂಪುಗುಂಪಾಗಿ ಬರುತ್ತವೆ. ಮೊಳಕಾಲುದ್ದದ ನೀರಿನಲ್ಲಿ ಗಂಡುಗಳು ಹೆಣ್ಣಿನ ಬೆನ್ನು ಹತ್ತುತ್ತವೆ, ಹೊಟ್ಟೆಗೆ ಮೂತಿಯಿಂದ ಗುದ್ದುತ್ತವೆ. ನೀರು ಕಲಕಿ ಬಾಲ ಬಡಿಯುವ ಸದ್ದು ದೂರಕ್ಕೆ ಕೇಳುತ್ತದೆ.

ಬಾಂಗ್ಲಾದೇಶದ ಚಿತ್ತಗಾಂಗ್ ಬಳಿಯ ಹಾಲ್ದಾ ನದಿ ಇದಕ್ಕೆ ಹೆಸರುವಾಸಿ. ಅಲ್ಲಿ ಏಪ್ರಿಲ್‌ನಿಂದ ಜೂನ್ ನಡುವೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು, ಗುಡುಗು ಮಳೆಯಾಗಿ ಗುಡ್ಡದ ನೀರು ಇಳಿದಾಗ ರೋಹು, ಕಾಟ್ಲಾ, ಮೃಗಾಲ್ ಮೊಟ್ಟೆ ಇಡುತ್ತವೆ. ಬೆಸ್ತರು ದೋಣಿ ಕಟ್ಟಿಕೊಂಡು ಕಾದಿದ್ದು, ಫಲಿತ ಮೊಟ್ಟೆಗಳನ್ನೇ ಬಲೆಯಲ್ಲಿ ಎತ್ತುತ್ತಾರೆ. ದಂಡೆಯ ಮಣ್ಣಿನ ಗುಂಡಿಗಳಲ್ಲಿ ಮರಿ ಮಾಡಿಸುತ್ತಾರೆ. ಗಂಗೆಯ ಬಯಲಿನಲ್ಲಿ ಮೊಟ್ಟೆಗಿಂತ ಮರಿ ಹಿಡಿಯುವುದು ವಾಡಿಕೆಯಾಗಿತ್ತು. ಅದರಲ್ಲಿ ಯಾವ ಜಾತಿಯ ಮರಿ ಎಷ್ಟಿದೆ ಅಂತ ಹೇಳುವುದೇ ಕಷ್ಟ, ಬೇಡದ ಮೀನುಗಳೂ ಕೂಡಿಕೊಂಡು ಬರುತ್ತಿದ್ದವು.

ತಾಯಿ ಮೀನು ಮರಿಗಳನ್ನ ನೋಡಿಕೊಳ್ಳುತ್ತಾ?

ತಿರುಗಿಯೂ ನೋಡುವುದಿಲ್ಲ. ಕೊರವ ಮೀನು ಗೂಡು ಕಟ್ಟಿ ಮರಿಗಳ ಹಿಂಡು ಕಾಯುತ್ತದೆ. ಜಿಲೇಬಿ ಮೀನು ಬಾಯಲ್ಲೇ ಮೊಟ್ಟೆ ಇಟ್ಟುಕೊಂಡಿರುತ್ತದೆ. ಅವು ಕಡಿಮೆ ಮೊಟ್ಟೆ ಇಟ್ಟು ಜೋಪಾನ ಮಾಡುವ ದಾರಿ ಹಿಡಿದವು. ರೋಹು ಲಕ್ಷಗಟ್ಟಲೆ ಇಟ್ಟು ಹೊಳೆಗೆ ಒಪ್ಪಿಸುವ ದಾರಿ.

ಕಾವೇರಿ, ಕೃಷ್ಣೆಯಲ್ಲಿ ರೋಹು ಮೊದಲಿಂದ ಇತ್ತಾ?

ಇರಲಿಲ್ಲ. ಗಂಗಾ, ಬ್ರಹ್ಮಪುತ್ರ, ಸಿಂಧೂ ಕಡೆಯ ಮೀನು ಇದು. ದಕ್ಷಿಣಕ್ಕೆ ಮನುಷ್ಯರೇ ತಂದು ಬಿಟ್ಟದ್ದು. ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ, ಗಂಗೆಯ ಮೀನುಗಳನ್ನು ವಿವರಿಸುವಾಗ. ನಮ್ಮವರಿಗೆ ಆತ ಬುಕನನ್ ಅಂತ ಹೆಚ್ಚು ಪರಿಚಯ. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆ ಸುತ್ತಿ ವರದಿ ಬರೆದ ಅದೇ ಬುಕನನ್.

## ಮೊಟ್ಟೆಯೊಳಗೆ

ಹರಿಯೋ ನೀರಲ್ಲಿ ಚೆಲ್ಲಿದ ವೀರ್ಯ ಮೊಟ್ಟೆಗೆ ಹೇಗೆ ಸೇರುತ್ತೆ? ಕೊಚ್ಚಿಕೊಂಡು ಹೋಗಲ್ವಾ?

ಬಹುಪಾಲು ಹೋಗುತ್ತದೆ. ಅದಕ್ಕೇ ಗಂಡು ಹೆಣ್ಣು ಮೈಗೆ ಮೈ ತಾಗಿಸಿಕೊಂಡು ಒಟ್ಟಿಗೆ ಬಿಡುವುದು.

ಗಂಡಿನ ಮೈಯೊಳಗೆ ವೀರ್ಯಾಣುಗಳು ಅಲ್ಲಾಡುವುದೇ ಇಲ್ಲ. ನೀರು ತಾಗಿದ ಕ್ಷಣ ಎಚ್ಚರವಾಗಿ ಈಜಲು ಶುರು ಮಾಡುತ್ತವೆ. ಆ ಓಟ ಒಂದೆರಡು ನಿಮಿಷದೊಳಗೆ ಮುಗಿಯುತ್ತದೆ. ಇತ್ತ ಮೊಟ್ಟೆಯ ಸಿಪ್ಪೆಯಲ್ಲಿ ಒಳಗೆ ಹೋಗಲು ಇರುವುದು ಒಂದೇ ಒಂದು ಸಣ್ಣ ತೂತು. ಒಂದು ವೀರ್ಯಾಣು ನುಗ್ಗಿದ ಮೇಲೆ ಆ ದಾರಿ ಮುಚ್ಚುತ್ತದೆ. ಯಾವುದೂ ಬಾರದಿದ್ದರೂ, ಮೊಟ್ಟೆ ನೀರು ಹೀರಿ ಉಬ್ಬುವ ಹೊತ್ತಿಗೆ ತೂತು ಕೆಲಸಕ್ಕೆ ಬಾರದಂತಾಗುತ್ತದೆ. ಎರಡೂ ಕಡೆ ಗಡಿಯಾರ ಓಡುತ್ತಿರುತ್ತದೆ.

ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡಿಸುವ ಕೇಂದ್ರದಲ್ಲಿ, ಕೈಯಿಂದ ಹಿಂಡಿ ಮೊಟ್ಟೆ ತೆಗೆಯುವವರು ಒಣ ತಟ್ಟೆ ಬಳಸುವುದು ಇದಕ್ಕೇ. ಮೊದಲು ಮೊಟ್ಟೆ, ಮೇಲೆ ವೀರ್ಯ, ಹಕ್ಕಿಯ ಗರಿಯಿಂದ ಕಲಸುವುದು, ನೀರು ಆಮೇಲೆ. ಮೊದಲೇ ನೀರು ಸೇರಿಸಿದರೆ ಆಟ ಮುಗಿಯಿತು.

ಮೊಟ್ಟೆ ಬಿದ್ದು ಮರಿ ಹೊರಬರೋ ತನಕ ಒಳಗೆ ಏನೇನಾಗುತ್ತೆ?

ನೀರಿಗೆ ಬಿದ್ದ ಮೊಟ್ಟೆ ಸಾಸಿವೆ ಕಾಳಿನಷ್ಟು. ಸ್ವಲ್ಪ ಹೊತ್ತಿನಲ್ಲೇ ನೀರು ಹೀರಿ ನಾಲ್ಕೈದು ಮಿಲಿಮೀಟರ್ ಅಗಲದ ಗಾಜಿನ ಮಣಿಯಂತಾಗುತ್ತದೆ. ಒಳಗಿನ ಭಂಡಾರದ ಗುಂಡು (ಮರಿಗೆ ಆಹಾರವಾಗುವ ಭಾಗ) ಮೊದಲಿನಷ್ಟೇ ಇರುತ್ತದೆ. ಸುತ್ತ ತುಂಬಿದ ನೀರು ಅದಕ್ಕೆ ಮೆತ್ತೆ ಇದ್ದ ಹಾಗೆ, ಹೊಳೆಯಲ್ಲಿ ಕಲ್ಲಿಗೆ ಬಡಿದರೂ ಒಳಗಿನದಕ್ಕೆ ಅಷ್ಟಾಗಿ ಪೆಟ್ಟಾಗುವುದಿಲ್ಲ.

ಇಡೀ ಮೊಟ್ಟೆ ಹೋಳಾಗುವುದಿಲ್ಲ. ಭಂಡಾರದ ಒಂದು ತುದಿಯಲ್ಲಿ ಟೋಪಿಯಂತೆ ಕೂತ ಜೀವರಸ ಮಾತ್ರ ಎರಡು, ನಾಲ್ಕು, ಎಂಟು ಎಂದು ಒಡೆಯುತ್ತಾ ಹೋಗುತ್ತದೆ. ಮೊದಲ ಒಡಕು ಒಂದು ಗಂಟೆಯೊಳಗೇ ಆಗಿರುತ್ತದೆ. ಆಮೇಲೆ ಆ ಜೀವಕೋಶಗಳ ಹಾಸು ಭಂಡಾರದ ಮೇಲೆ ಹರಡಿ ಅದನ್ನು ಮುಚ್ಚುತ್ತದೆ. ಒಂದು ಕಡೆ ಗೆರೆಯಂತೆ ದಪ್ಪವಾಗುವುದೇ ಬೆನ್ನಿನ ಜಾಗ. ನಂತರ ಭ್ರೂಣ ಅಲ್ಪವಿರಾಮದ ಆಕಾರಕ್ಕೆ ಬರುತ್ತದೆ: ತಲೆ ದುಂಡಗೆ, ಬಾಲ ಕೊಕ್ಕೆಯಂತೆ. ಬಾಲ ಬಿಡುಗಡೆಯಾದ ಮೇಲೆ ಮಿಡುಕಾಟ ಶುರು, ಆಮೇಲೆ ಗಿರಗಿರನೆ ತಿರುಗುವುದು. ಕೊನೆಗೆ ಭ್ರೂಣವೇ ಸ್ರವಿಸುವ ಕಿಣ್ವದಿಂದ ಸಿಪ್ಪೆ ಮೆತ್ತಗಾಗುತ್ತದೆ, ಬಾಲದ ಹೊಡೆತಕ್ಕೆ ಹರಿಯುತ್ತದೆ.

ನೀರು 27ರಿಂದ 31 ಡಿಗ್ರಿ ಇದ್ದರೆ ಇಷ್ಟೆಲ್ಲ 14ರಿಂದ 18 ಗಂಟೆಯಲ್ಲಿ! ಕೋಳಿಗೆ 21 ದಿನ ಬೇಕು. ನೀರು ತಣ್ಣಗಿದ್ದಷ್ಟೂ ತಡವಾಗುತ್ತದೆ.

ಕೆಲವು ಮೊಟ್ಟೆ ಬೆಳ್ಳಗಾಗುತ್ತೆ. ಅವನ್ನ ಇಟ್ಟುಕೊಳ್ಳಬಹುದಾ?

ಅವು ಫಲಿಸದವು ಅಥವಾ ಸತ್ತವು. ಬದುಕಿರುವ ಮೊಟ್ಟೆ ಪಾರದರ್ಶಕವಾಗಿರುತ್ತದೆ. ಬಿಳಿಯವುಗಳ ಮೇಲೆ ಹತ್ತಿಯಂಥ ಬೂಸ್ಟು ಬಂದು ಪಕ್ಕದ ಒಳ್ಳೆಯವಕ್ಕೂ ಹಬ್ಬುತ್ತದೆ. ತೆಗೆದುಬಿಡಿ.

## ಮರಿಯ ಮೊದಲ ದಿನಗಳು

ಮೊದಲ ಮೂರು ದಿನ ಏನೂ ತಿನ್ನಿಸಬೇಡಿ ಅಂತಾರೆ. ಹಸಿವಿಂದ ಸಾಯಲ್ವಾ?

ಆಗಷ್ಟೇ ಹೊರಬಂದ ಮರಿಗೆ ಬಾಯೇ ತೆರೆದಿರುವುದಿಲ್ಲ. ಅಕ್ಕಿ ಕಾಳಿಗಿಂತ ಚಿಕ್ಕದು, ಮೈಗೆ ಬಣ್ಣವೂ ಇಲ್ಲ. ಹೊಟ್ಟೆಗೆ ಅಂಟಿಕೊಂಡ ಬುತ್ತಿ ಮಾತ್ರ ಇದೆ: ಭಂಡಾರದ ಚೀಲ. ಆ ಬುತ್ತಿ ಸುಮಾರು 72 ಗಂಟೆಗೆ ಸಾಕು. ಅಷ್ಟರಲ್ಲಿ ಕಣ್ಣು ಕಪ್ಪಾಗುತ್ತದೆ, ಬಾಯಿ ಬಿಡುತ್ತದೆ, ಗಾಳಿಚೀಲ ತುಂಬುತ್ತದೆ. ಮೊದಮೊದಲು ಮೇಲಕ್ಕೆ ಚಿಮ್ಮಿ ಮತ್ತೆ ಕೆಳಗೆ ಜಾರುತ್ತಿದ್ದ ಮರಿ ಈಗ ಅಡ್ಡಕ್ಕೆ ಈಜಲು ಕಲಿಯುತ್ತದೆ.

ಈ ಮೂರು ದಿನದಲ್ಲಿ ಕಡಲೆಕಾಯಿ ಹಿಂಡಿ ಚೆಲ್ಲಿದರೆ ಅದು ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ. ಮೂರನೆಯ ದಿನ ಕಳೆದ ಮೇಲೆ ತಡ ಮಾಡಿದರೂ ಅಷ್ಟೇ ಕೆಟ್ಟದು. ಬುತ್ತಿ ಮುಗಿದು ಮೊದಲ ತುತ್ತು ಸಿಗದ ಮರಿಗೆ ಆಮೇಲೆ ತಿನ್ನುವ ಶಕ್ತಿಯೂ ಉಳಿಯುವುದಿಲ್ಲ.

ಸ್ಪಾನ್, ಫ್ರೈ, ಫಿಂಗರ್ಲಿಂಗ್ ಅಂತಾರಲ್ಲ, ಏನು ವ್ಯತ್ಯಾಸ?

ಬುತ್ತಿ ಮುಗಿಸಿದ, 6ರಿಂದ 8 ಮಿಲಿಮೀಟರ್ ಉದ್ದದ ಮರಿ ಸ್ಪಾನ್. ನರ್ಸರಿ ಕೊಳದಲ್ಲಿ 15ರಿಂದ 20 ದಿನ ಬೆಳೆದು 20ರಿಂದ 25 ಮಿಲಿಮೀಟರ್ ಆದರೆ ಫ್ರೈ. ಇನ್ನೆರಡು ಮೂರು ತಿಂಗಳು ಸಾಕಿ ಬೆರಳುದ್ದ ಆದರೆ ಫಿಂಗರ್ಲಿಂಗ್, ನಮ್ಮ ಮಾತಿನ ಬಿತ್ತನೆ ಮರಿ. ಕೊಳ್ಳುವಾಗ ಹೆಸರು ನಂಬಬೇಡಿ, ಅಳೆದು ನೋಡಿ.

ಚಿಕ್ಕ ಮರಿ ಏನು ತಿನ್ನುತ್ತೆ? ದೊಡ್ಡ ರೋಹು ಪಾಚಿ ತಿನ್ನುತ್ತಲ್ಲ, ಪಾಚಿ ಸಾಕಲ್ವಾ?

ಸಾಲದು. ದೊಡ್ಡ ರೋಹು ಸಸ್ಯಾಹಾರಿ ಅಂದರೂ ನಡೆಯುತ್ತದೆ: ಅಂಚು ಕುಚ್ಚುಕುಚ್ಚಾದ ತುಟಿ, ಬಹಳ ಉದ್ದದ ಕರುಳು. ಮರಿಯ ಕರುಳು ಗಿಡ್ಡ. ಅದಕ್ಕೆ ಬೇಕಾದದ್ದು ಕಣ್ಣಿಗೆ ಕಾಣದಷ್ಟು ಅಥವಾ ಚುಕ್ಕಿಯಷ್ಟು ಸಣ್ಣ ಜೀವಿಗಳು. ಮೊದಲು ರೋಟಿಫರ್, ಬಾಯಿ ಅಗಲವಾದ ಮೇಲೆ ಮೋಯಿನಾ, ಡಾಫ್ನಿಯಾ. ಬೆಳೆದಂತೆ ಕರುಳು ಉದ್ದವಾಗುತ್ತದೆ, ಊಟವೂ ಹಸಿರಿನ ಕಡೆ ತಿರುಗುತ್ತದೆ.

ಕೊಳಕ್ಕೆ ಮುಂಚೆಯೇ ಸಗಣಿ ಗೊಬ್ಬರ ಹಾಕಿ ನೀರನ್ನು ಹದ ಮಾಡುವುದು ಈ ಜೀವಿಗಳನ್ನು ಬೆಳೆಸಲು. ಇದರ ಜೊತೆ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಸಮಸಮ ಪುಡಿ ಮಾಡಿ ಕೊಡುತ್ತಾರೆ. ಹತ್ತು ಲಕ್ಷ ಮರಿಗೆ ಮೊದಲ ಐದು ದಿನ ದಿನಕ್ಕೆ 6 ಕೆಜಿ, ಆಮೇಲೆ 12 ಕೆಜಿ, ಎರಡು ಹೊತ್ತಿಗೆ ಹಂಚಿ.

ಲಕ್ಷ ಸ್ಪಾನ್ ಬಿಟ್ಟೆ. ಹದಿನೈದು ದಿನಕ್ಕೆ ಬಲೆ ಎಳೆದ್ರೆ ಹತ್ತು ಸಾವಿರವೂ ಇಲ್ಲ. ಮೋಸ ಹೋದ್ನಾ?

ಲೆಕ್ಕ ತಪ್ಪಿಸಿ ಕೊಟ್ಟಿರಲೂಬಹುದು. ಆದರೆ ಮೊದಲು ನಿಮ್ಮ ಕೊಳವನ್ನೇ ಅನುಮಾನಿಸಿ. ಚೆನ್ನಾಗಿ ನೋಡಿಕೊಂಡ ಮಣ್ಣಿನ ಕೊಳದಲ್ಲೂ ಸ್ಪಾನ್‌ನಿಂದ ಫ್ರೈವರೆಗೆ ನೂರಕ್ಕೆ 30ರಿಂದ 40 ಉಳಿದರೆ ಅದು ಸಾಮಾನ್ಯ ಫಲ.

ಮರಿಗಳನ್ನು ತಿನ್ನುವ ಕಳ್ಳರಲ್ಲಿ ಜಾಸ್ತಿ ಜನ ಆರು ಕಾಲಿನವರು. ಬೆನ್ನಡಿಯಾಗಿ ಈಜುವ ನೀರುತಿಗಣೆ, ನೀರುಜೀರುಂಡೆ, ಏರೋಪ್ಲೇನ್ ಚಿಟ್ಟೆಯ ಮರಿಹುಳ. ಗೊಬ್ಬರ ಹಾಕಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದರೆ ಮೊದಲು ಮನೆ ಮಾಡುವುದು ಇವೇ. ಹಳೆಯ ಉಪಾಯವೊಂದಿದೆ: ಹೆಕ್ಟೇರಿಗೆ 56 ಕೆಜಿ ಎಣ್ಣೆಗೆ 18 ಕೆಜಿ ಸೋಪು ಕರಗಿಸಿ, ಮರಿ ಬಿಡುವ 12ರಿಂದ 24 ಗಂಟೆ ಮುಂಚೆ ನೀರ ಮೇಲೆ ಹರಡುವುದು. ಮೇಲೆ ಬಂದು ಗಾಳಿ ಎಳೆಯುವ ಹುಳುಗಳ ಉಸಿರುನಳಿಗೆ ಎಣ್ಣೆ ನುಗ್ಗಿ ಸಾಯುತ್ತವೆ. ಗಾಳಿ ಬೀಸುವ ದಿನ ಮಾಡಿದರೆ ಎಣ್ಣೆಯೆಲ್ಲ ಒಂದು ದಂಡೆಗೆ ಸೇರಿ ದುಡ್ಡು ದಂಡ. ಏರೋಪ್ಲೇನ್ ಚಿಟ್ಟೆಯ ಮರಿಹುಳ ನೀರೊಳಗೇ ಕಿವಿರಿನಿಂದ ಉಸಿರಾಡುವುದರಿಂದ ಅದಕ್ಕೆ ಎಣ್ಣೆಯ ಬಿಸಿ ತಟ್ಟುವುದಿಲ್ಲ. ಅದಕ್ಕೆ ಸಣ್ಣ ಕಣ್ಣಿನ ಬಲೆ ಎಳೆಯುವುದೇ ದಾರಿ.

ಇನ್ನೊಂದು ತಪ್ಪು ಮರಿ ತಂದ ಚೀಲ ಬಿಚ್ಚುವಾಗ ಆಗುತ್ತದೆ. ಬಿಸಿಲಲ್ಲಿ ಬಂದ ಚೀಲವನ್ನು ನೇರ ಕೊಳಕ್ಕೆ ಸುರಿಯಬೇಡಿ. ಚೀಲವನ್ನು ನೀರ ಮೇಲೆ ತೇಲಿಬಿಟ್ಟು, ಶಾಖ ಸಮವಾದ ಮೇಲೆ ಕೊಳದ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಮರಿಗಳು ತಾವಾಗಿ ಹೊರಗೆ ಹೋಗಲು ಬಿಡಿ. ಮುಂಜಾನೆ ಅಥವಾ ಸಂಜೆ ತಂಪಿನಲ್ಲಿ.

## ಇಂಜೆಕ್ಷನ್, ಹ್ಯಾಚರಿ, ತಳಿ

ಮೀನಿಗೆ ಇಂಜೆಕ್ಷನ್ ಕೊಟ್ಟು ಮೊಟ್ಟೆ ಇಡಿಸೋದು ಯಾರು ಶುರು ಮಾಡಿದ್ದು?

1930ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಬೇರೆ ಮೀನುಗಳಲ್ಲಿ ಗೆದ್ದಿದ್ದರು. ರೋಹು, ಮೃಗಾಲ್ ಥರದ ನಮ್ಮ ಗೆಂಡೆ ಬಳಗದ ಜಾತಿಗಳಲ್ಲಿ ಗೆದ್ದವರು ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ. 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ. ಇವತ್ತಿಗೂ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ಸತ್ತ ಮೀನಿನ ತಲೆ ಬಿಚ್ಚಿ, ಮೆದುಳಿನ ಕೆಳಗಿನ ಪುಟ್ಟ ಗ್ರಂಥಿ ತೆಗೆದು, ಆಲ್ಕೋಹಾಲ್‌ನಲ್ಲಿ ಕಾಪಿಟ್ಟು, ಬೇಕಾದಾಗ ಅರೆದು ಚುಚ್ಚುತ್ತಿದ್ದರು. ಹೆಣ್ಣಿಗೆ ಆರು ಗಂಟೆ ಅಂತರದಲ್ಲಿ ಎರಡು ಸಲ, ಗಂಡಿಗೆ ಒಂದೇ ಸಲ. ಹೊಳೆಗೆ ಹೋಗಿ ಕಾಯುವ ಕೆಲಸ ಅಲ್ಲಿಂದ ಕಡಿಮೆಯಾಯಿತು.

ಈಗಿನ ಇಂಜೆಕ್ಷನ್‌ನಲ್ಲಿ ಏನಿರುತ್ತೆ? ಆ ಮೀನು ತಿನ್ನೋರಿಗೆ ತೊಂದರೆ ಇಲ್ವಾ?

ಓವಾಪ್ರಿಮ್ ಥರದ ಸಿದ್ಧ ಔಷಧಿಯಲ್ಲಿ ಎರಡು ವಸ್ತುಗಳಿವೆ. ಒಂದು, ಮೆದುಳಿನ ಅಪ್ಪಣೆಯನ್ನು ಅನುಕರಿಸುವ ಹಾರ್ಮೋನ್. ಇನ್ನೊಂದು ಡಾಮ್ಪೆರಿಡೋನ್, ಅಂದರೆ ನಮಗೆ ವಾಂತಿ ಬಂದಾಗ ವೈದ್ಯರು ಬರೆದುಕೊಡುವ ಅದೇ ಮದ್ದು. ಮೇಲೆ ಹೇಳಿದ ಡೋಪಮಿನ್ನಿನ ತಡೆಯನ್ನು ಅದು ತೆಗೆಯುತ್ತದೆ. ಹೆಣ್ಣಿಗೆ ಕೆಜಿಗೆ 0.3ರಿಂದ 0.5 ಮಿಲಿಲೀಟರ್, ಗಂಡಿಗೆ ಅದಕ್ಕಿಂತ ಕಡಿಮೆ, ಒಂದೇ ಸಲ. ಸಂಜೆ ಚುಚ್ಚಿದರೆ ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ ಮೊಟ್ಟೆ.

ಚುಚ್ಚುವುದು ತಾಯಿ, ತಂದೆ ಮೀನುಗಳಿಗೆ ಮಾತ್ರ. ನಿಮ್ಮ ತಟ್ಟೆಗೆ ಬರುವುದು ಅವುಗಳ ಮರಿ, ತಿಂಗಳುಗಟ್ಟಲೆ ಕೊಳದಲ್ಲಿ ಬೆಳೆದದ್ದು. ಅದಕ್ಕೆ ಯಾರೂ ಇಂಜೆಕ್ಷನ್ ಕೊಟ್ಟಿರುವುದಿಲ್ಲ. ಮೊಟ್ಟೆ ಬಲಿಯದ ಮೀನಿಗೆ ಎಷ್ಟು ಚುಚ್ಚಿದರೂ ಉಪಯೋಗವಿಲ್ಲ ಅನ್ನುವುದನ್ನೂ ನೆನಪಿಡಿ. ಇಂಜೆಕ್ಷನ್ ಬಾಗಿಲು ತೆರೆಯುತ್ತದೆ, ಮನೆ ಕಟ್ಟುವುದಿಲ್ಲ.

ಹ್ಯಾಚರಿ ತೊಟ್ಟಿ ಯಾಕೆ ದುಂಡಗೇ ಇರುತ್ತೆ?

ದುಂಡು ತೊಟ್ಟಿಯಲ್ಲಿ ನೀರು ಮೂಲೆಯಲ್ಲಿ ನಿಲ್ಲದೆ ಸುತ್ತುತ್ತಲೇ ಇರುತ್ತದೆ. ಚೀನಾದಿಂದ ಬಂದ ವಿನ್ಯಾಸ. ಓರೆಯಾಗಿ ಕೂರಿಸಿದ ಕೊಳವೆಗಳಿಂದ ನೀರು ಚಿಮ್ಮಿ ತೊಟ್ಟಿಯೇ ಒಂದು ಕೊನೆಯಿಲ್ಲದ ಹೊಳೆಯಾಗುತ್ತದೆ. ಮೊಟ್ಟೆ ತಳ ಸೇರುವುದಿಲ್ಲ. ನಡುವಿನ ಬಲೆಗೋಡೆಯಿಂದ ನೀರು ಮಾತ್ರ ಹೊರಗೆ. ಒಂದು ಘನ ಮೀಟರ್ ನೀರಿಗೆ ಸುಮಾರು 7 ಲಕ್ಷ ಮೊಟ್ಟೆ ಹಿಡಿಸುತ್ತಾರೆ. ಅರ್ಧ ಗಂಟೆ ಪಂಪು ನಿಂತರೆ ಏನಾಗಬಹುದು ಅಂತ ನೀವೇ ಊಹಿಸಿ. ಜನರೇಟರ್ ಇಲ್ಲದೆ ಹ್ಯಾಚರಿ ಕಟ್ಟಬೇಡಿ.

ಜಯಂತಿ ರೋಹು ಅಂದ್ರೆ ಕುಲಾಂತರಿನಾ?

ಅಲ್ಲ. ಒಳ್ಳೆ ಹಸು ಆರಿಸಿ ತಳಿ ಬೆಳೆಸಿದ ಹಾಗೆ ಆಯ್ಕೆಯಿಂದ ಬಂದದ್ದು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆ ನಾರ್ವೆಯವರ ಜೊತೆ ಸೇರಿ 1992ರಲ್ಲಿ ಕೆಲಸ ಶುರು ಮಾಡಿತು. ಗಂಗಾ, ಯಮುನಾ, ಬ್ರಹ್ಮಪುತ್ರ, ಸಟ್ಲೆಜ್, ಗೋಮತಿ ನದಿಗಳ ರೋಹುಗಳನ್ನು ತಂದು, ಬೇಗ ಬೆಳೆಯುವ ಕುಟುಂಬಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಬಂದರು. ಬೆಳವಣಿಗೆ ತಲೆಮಾರಿಗೆ ಸರಾಸರಿ ಶೇ. 17 ಏರಿತು. ಸ್ವಾತಂತ್ರ್ಯದ ಸುವರ್ಣ ವರ್ಷ 1997ರಲ್ಲಿ ಬಿಡುಗಡೆಯಾದ್ದರಿಂದ ಜಯಂತಿ ಅಂತ ಹೆಸರು.

ನನ್ನ ಕೊಳದ ರೋಹುಗಳನ್ನೇ ತಾಯಿ ಮೀನಾಗಿ ಇಟ್ಟುಕೊಂಡು ವರ್ಷಾವರ್ಷ ಮರಿ ಮಾಡಿಸಬಹುದಾ?

ಎರಡು ಮೂರು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಬೆಳವಣಿಗೆ ಕುಂಟುತ್ತದೆ, ಬೆನ್ನು ಸೊಟ್ಟಗಿನ ಮರಿಗಳು ಜಾಸ್ತಿಯಾಗುತ್ತವೆ. ನಾಲ್ಕು ಹೆಣ್ಣುಗಳಿಂದಲೇ ಇಪ್ಪತ್ತು ಲಕ್ಷ ಮರಿ ಸಿಗುವುದರಿಂದ ಹ್ಯಾಚರಿಯವರಿಗೆ ಹೆಚ್ಚು ತಾಯಿ ಮೀನು ಇಡುವ ಅಗತ್ಯವೇ ಕಾಣುವುದಿಲ್ಲ. ಅಲ್ಲೇ ಅಣ್ಣ ತಂಗಿಯರ ಮದುವೆ ಶುರುವಾಗುವುದು. ದೊಡ್ಡದನ್ನೆಲ್ಲ ಮಾರಿ, ಉಳಿದ ಸಣಕಲನ್ನು ತಾಯಿ ಮೀನು ಮಾಡುವ ಅಭ್ಯಾಸ ಇನ್ನೂ ಕೆಟ್ಟದು. ಕುಂಟ ತಳಿಯನ್ನು ನಾವೇ ಆರಿಸಿದಂತೆ.

ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಒಟ್ಟಿಗೆ ಚುಚ್ಚಿ ಒಂದೇ ದುಂಡು ತೊಟ್ಟಿಗೆ ಬಿಡುವವರೂ ಇದ್ದಾರೆ. ನೀರೆಲ್ಲ ವೀರ್ಯವಾದಾಗ ರೋಹು ಮೊಟ್ಟೆಗೆ ಕಾಟ್ಲಾ ವೀರ್ಯಾಣು ಹೊಗಲು ಅಡ್ಡಿಯಿಲ್ಲ. ಈ ಬೆರಕೆ ಮರಿಗಳು ಬಂಜೆಯೂ ಅಲ್ಲ, ತಾವೂ ಮರಿ ಮಾಡುತ್ತವೆ. ಫ್ರೈ ಹಂತದಲ್ಲಿ ಅವನ್ನು ಕಣ್ಣಿನಿಂದ ಗುರುತಿಸುವುದು ಬಹಳ ಕಷ್ಟ. ಮಳೆಗಾಲದಲ್ಲಿ ಅಂಥ ಕೊಳ ಒಡೆದರೆ ಅವು ಹೊಳೆ ಸೇರುತ್ತವೆ. ಹಾಗಾಗಿ ಒಂದು ತೊಟ್ಟಿಗೆ ಒಂದೇ ಜಾತಿ. ಮೂರು ನಾಲ್ಕು ವರ್ಷಕ್ಕೊಮ್ಮೆ ದೂರದ ಬೇರೆ ಮೂಲದ ಗಂಡುಗಳನ್ನು ತನ್ನಿ, ಯಾವ ಮೀನು ಎಲ್ಲಿಂದ ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.